ನನ್ನ ತಂಡದಲ್ಲಿ ಇಲ್ಲದ ಗೋಲ್‌ಕೀಪರ್

ನನ್ನ ತಂಗಿ ಗಿರಿಜಾಳನ್ನು ನಾನು ನನ್ನ ತಂಡಕ್ಕೆ ಆರಿಸಿಕೊಳ್ಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೊರಟರೆ ನಡುವೆ ಎಲ್ಲೋ ಕಥೆ ನನಗೆ ಅನುಕೂಲವಾಗುವ ಕಡೆಗೆ ತಿರುಗಿಕೊಂಡುಬಿಡುತ್ತದೆ, ಆ ಚಟ ನನಗಿದೆ. ಆರಿಸಿಕೊಳ್ಳದೆ ಬಿಟ್ಟದ್ದು ಒಂದು ತಪ್ಪು. ರೋಣದ ಮೈದಾನದಲ್ಲಿ ಗೆರೆಯ ಪಕ್ಕ ನಿಂತು ನಾನು ಒದರಿದ್ದು ಎರಡನೆಯದು. ಒದರಿದವನು ಆಮೇಲೆ ನಾಲ್ಕು ಜನರ ಮುಂದೆ ಹೋಗಿ ಹೇಳಬೇಕಾದ ಮಾತನ್ನು ಹೇಳದೆ ಬಾಯಿ ಮುಚ್ಚಿಕೊಂಡು ಕೂತದ್ದು ಮೂರನೆಯದು, ಎಲ್ಲಕ್ಕಿಂತ ದೊಡ್ಡದು. ಈಗ ನಾಗರ ಪಂಚಮಿ ಹತ್ತಿರ ಬಂದಿದೆ. ಪ್ರತಿ ವರ್ಷ ನಾನು ನರಗುಂದಕ್ಕೆ ಹೋಗಿ ಗಿರಿಜಾಳನ್ನು ಮೋಟಾರ್ ಸೈಕಲ್ ಮೇಲೆ ತವರಿಗೆ ಕರೆತರುತ್ತೇನೆ. ಈ ಸಲ ಅವಳು ನನ್ನ ಹೆಂಡತಿಗೆ ಫೋನ್ ಮಾಡಿ, "ವೈನಿ, ಕರಿಯಾಕ ಬರೂದು ಬ್ಯಾಡ ಅಂತ ಅಣ್ಣಗ ಹೇಳ್ರಿ. ಅವನ ತಂಡದಾಗ ನಾ ಇಲ್ಲ" ಎಂದಿದ್ದಾಳೆ.

ನಾನು ಗಜೇಂದ್ರಗಡದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಓದಿದ್ದು ಏಳನೆಯ ಇಯತ್ತೆಯವರೆಗೆ. ಓದುವ ರೂಢಿ ಉಳಿದದ್ದು ಪತ್ರಿಕೆಯ ಕ್ರೀಡಾ ಪುಟದಿಂದ, ಅದರಲ್ಲೂ ಹಾಕಿಯ ಸುದ್ದಿಯಿಂದ. ಹಾಕಿಯ ಸುದ್ದಿ ಓದುವವನ ಕಣ್ಣು ಬಹಳ ಚುರುಕಾಗಿರಬೇಕು, ಏಕೆಂದರೆ ಅದು ಎಲ್ಲಿ ಅಡಗಿರುತ್ತದೆ ಎಂದು ಹೇಳಲಾಗುವುದಿಲ್ಲ. ಕ್ರಿಕೆಟ್ ತಂಡದ ನಾಯಕನ ಹೆಬ್ಬೆರಳು ನೋಯುತ್ತಿದ್ದರೆ ಅರ್ಧ ಪುಟ, ಹೆಬ್ಬೆರಳಿನ ಚಿತ್ರ ಬೇರೆ. ನಮ್ಮ ಹಾಕಿ ತಂಡ ಪರದೇಶದಲ್ಲಿ ಗೆದ್ದು ಬಂದರೆ ಟೈರಿನ ಜಾಹೀರಾತಿನ ಕೆಳಗೆ, ಬೆರಳಿನಷ್ಟೇ ಜಾಗ. ಟಿವಿಯವರಂತೂ ಒಲಿಂಪಿಕ್ಸ್ ಬಂದಾಗ ಎದ್ದು ಕೂತು, ಪದಕ ಬಂದರೆ ಅತ್ತು, ಮರುದಿನದಿಂದ ಮತ್ತೆ ಹೆಬ್ಬೆರಳಿಗೆ ಮರಳುತ್ತಾರೆ. ಹಾಕಿ ನಮ್ಮ ರಾಷ್ಟ್ರೀಯ ಆಟ ಎಂದು ಸಾಲಿಯಲ್ಲಿ ಮಾಸ್ತರರು ಹೇಳಿಕೊಟ್ಟಿದ್ದರು. ಹಾಗಂತ ಸರಕಾರ ಎಲ್ಲೂ ಬರೆದುಕೊಟ್ಟಿಲ್ಲ ಎಂದು ದೊಡ್ಡವನಾದ ಮೇಲೆ ತಿಳಿಯಿತು. ಆವತ್ತು ನನಗೆ ಊಟ ಸೇರಲಿಲ್ಲ. ನಾನು ಓದಿದ್ದೇ ಇಷ್ಟು, ಅದರಲ್ಲೂ ಒಂದು ಸುಳ್ಳು!

ನಮ್ಮ ಭಾಗದ ವರದಿಗಳದ್ದು ಬೇರೆಯೇ ಸೊಗಸು. ಪಂದ್ಯಾವಳಿಯ ಸುದ್ದಿಯಲ್ಲಿ ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಸ್ವಾಗತಿಸಿದವರು, ನಿರೂಪಿಸಿದವರು, ವಂದಿಸಿದವರು, ಬಾಳೆಹಣ್ಣು ಕೊಡಿಸಿದವರು ಎಲ್ಲರ ಹೆಸರೂ ಇರುತ್ತವೆ. ಆಡಿದವರದು ಮಾತ್ರ ಇರುವುದಿಲ್ಲ. ಚಿತ್ರದಲ್ಲಿ ವೇದಿಕೆಯ ಮೇಲಿನ ಗಣ್ಯರು ಹಾಕಿ ಸ್ಟಿಕ್ಕನ್ನು ಊರುಗೋಲಿನ ಹಾಗೆ ತಲೆಕೆಳಗಾಗಿ ಹಿಡಿದು ನಿಂತಿರುತ್ತಾರೆ. ಇದನ್ನೆಲ್ಲ ನಾನು ಗಿರಣಿಗೆ ಬಂದವರಿಗೆ ಓದಿ ತೋರಿಸಿ, "ನೋಡ್ರಿ, ಇದು ನ್ಯಾಯ ಏನ್ರಿ?" ಎಂದು ಕೇಳುತ್ತಿದ್ದೆ. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ನನ್ನ ದನಿ ಊರ ಅಗಸಿ ಬಾಗಿಲಿನವರೆಗೆ ಹೋಗುವಂಥದ್ದು. ಹಿಟ್ಟು ಬೇಗ ಸಿಗಲಿ ಎಂದು ಜನ "ಎಲ್ಲೈತ್ರಿ ನ್ಯಾಯ" ಎನ್ನುತ್ತಿದ್ದರು.

ಅದರಲ್ಲೂ ಗೋಲ್‌ಕೀಪರ್ ಪರವಾಗಿ ನಾನು ಬಹಳ ಮಾತಾಡಿದವನು. ಗೋಲು ಹೊಡೆದವನನ್ನು ಹತ್ತು ಸಲ ತಿರುಗಿಸಿ ತೋರಿಸುತ್ತಾರೆ. ಗೋಲು ತಡೆದವನನ್ನು ಒಮ್ಮೆ ತೋರಿಸಿದರೆ ಹೆಚ್ಚು, ಅದೂ ಬಲೆಯ ಹಿಂದಿನಿಂದ. ಮುಖ ಹೆಲ್ಮೆಟ್ಟಿನೊಳಗೆ, ಬೆನ್ನು ಕ್ಯಾಮೆರಾದ ಕಡೆಗೆ. ಇಡೀ ಪಂದ್ಯ ಕಾಯ್ದು ಒಂದು ಚೆಂಡು ಬಿಟ್ಟರೆ ಆ ಒಂದೇ ಚೆಂಡು ಅವನ ಹೆಸರಾಗಿ ಉಳಿಯುತ್ತದೆ. ಹೀಗೆ ನಾನು ವಾದಿಸುವಾಗ ಪಕ್ಕದ ಟೇಲರ್ ಮಾಬುಸಾಬ ಹಲ್ಲಿನಲ್ಲಿ ದಾರ ಕಡಿಯುತ್ತ, "ತಂಗಿ ಗೋಲ್‌ಕೀಪರ್ ಅದಾಳಂತ ಇಷ್ಟು ಮಾತಾಡ್ತೀ ಬಸಣ್ಣ. ಆಕಿ ಆಟ ಎಷ್ಟು ಸಲ ನೋಡೀದಿ?" ಎಂದ. ನಾನು ಗಿರಣಿಯ ಪಟ್ಟಾ ಸಡಿಲಾಗಿದೆಯೇನೋ ಎಂದು ನೋಡಲು ಒಳಗೆ ಹೋದೆ.

ಗಿರಿಜಾ ನರಗುಂದದ ಹುಡುಗಿಯರ ಸಾಲಿಯೊಂದರಲ್ಲಿ ಪಿ.ಟಿ. ಟೀಚರ್. ಲಗ್ನವಾಗಿ ಹೋದ ಮೇಲೂ ಆಟ ಬಿಡಲಿಲ್ಲ. ಅವಳನ್ನು ಗೋಲ್‌ಕೀಪರ್ ಮಾಡಿದ್ದು ನಾನೇ ಎಂದು ನಾನು ಎಲ್ಲರಿಗೂ ಹೇಳಿಕೊಳ್ಳುತ್ತೇನೆ. ಖರೇ ಹೇಳಬೇಕೆಂದರೆ, ಸಣ್ಣವನಿದ್ದಾಗ ನನಗೆ ಚೆಂಡು ಹೊಡೆಯಲು ಎದುರಿಗೆ ಯಾರಾದರೂ ಬೇಕಾಗಿತ್ತು. ಬಾಗಿದ ಜಾಲಿ ಕೋಲು ನನ್ನ ಕೈಯಲ್ಲಿ, ದನದ ಕೊಟ್ಟಿಗೆಯ ಬಾಗಿಲು ಗೋಲು, ಕಾಲಿಗೆ ಗೋಣಿಚೀಲ ಸುತ್ತಿಕೊಂಡು ನಿಂತವಳು ಗಿರಿಜಾ. ಅವಳಿಗೆ ಪೆಟ್ಟಾದರೆ ಅವ್ವ ನನಗೆ ಬಾರಿಸುತ್ತಿದ್ದಳು. ಅದಕ್ಕೆ ನಾನು ಹೊಡೆಯುವ ಮೊದಲೇ "ಎಡಕ್ಕ!" "ಬಲಕ್ಕ!" ಎಂದು ಕೂಗಿ ಹೇಳುತ್ತಿದ್ದೆ. ನನ್ನ ದನಿ ಬಂದ ಕೂಡಲೇ ಅವಳು ಆ ಕಡೆ ತಿರುಗುತ್ತಿದ್ದಳು. ಈ ಮಾತು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

ಇನ್ನು ಆ ಫ್ಯಾಂಟಸಿ ಲೀಗ್ ಎಂಬುದರ ವಿಷಯ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಪಂದ್ಯ ಆಡುವ ಎರಡೂ ತಂಡಗಳಿಂದ ನಿಮಗೆ ಬೇಕಾದ ಹನ್ನೊಂದು ಜನರನ್ನು ಆರಿಸಿ ಮೊಬೈಲಿನಲ್ಲಿ ನಿಮ್ಮದೇ ಒಂದು ತಂಡ ಕಟ್ಟುವುದು. ಅವರು ಮೈದಾನದಲ್ಲಿ ಬೆವರು ಸುರಿಸಿದರೆ ಕೂತಲ್ಲೇ ನಿಮಗೆ ಪಾಯಿಂಟು. ಒಬ್ಬರನ್ನು ಕ್ಯಾಪ್ಟನ್ ಮಾಡಿದರೆ ಅವರದಕ್ಕೆ ಡಬಲ್ ಪಾಯಿಂಟು. ಮಾಬುಸಾಬ ಇದನ್ನು ನನಗೆ ಹಚ್ಚಿದ. ಹಚ್ಚಿದ ಮೇಲೆ ನನ್ನ ಕಣ್ಣಿಗೆ ಆಟಗಾರರು ಮನುಷ್ಯರಾಗಿ ಕಾಣುವುದು ನಿಂತುಹೋಯಿತು. ಯಾರಾದರೂ ಮೊಣಕಾಲು ಹಿಡಿದು ನೆಲಕ್ಕೆ ಬಿದ್ದರೆ ಮೊದಲು ಅಯ್ಯೋ ಪಾಪ ಎನ್ನುತ್ತಿದ್ದವನು, ಈಗ "ಇಂವ ನನ್ನ ತಂಡದಾಗ ಅದಾನೋ ಇಲ್ಲೋ" ಎಂದು ನೋಡಿಕೊಂಡು ಆಮೇಲೆ ಅಯ್ಯೋ ಎನ್ನತೊಡಗಿದೆ. ಒಮ್ಮೆ ಹೀಗೆಯೇ ಕ್ಯಾಪ್ಟನ್ ಯಾರಾಗಬೇಕೆಂಬ ಚಿಂತೆಯಲ್ಲಿ ಸಂಗವ್ವನ ಕಡಲೆಬೇಳೆಯನ್ನು ಹಿಟ್ಟಿನ ಮಷಿನ್ ಬಿಟ್ಟು ಖಾರದ ಮಷಿನ್ನಿಗೆ ಸುರುವಿದೆ. ಮುದುಕಿ ಕೆಂಪಗಾದ ಹಿಟ್ಟನ್ನು ನಾಲಿಗೆಯ ತುದಿಗೆ ಹಚ್ಚಿಕೊಂಡು, "ಏ ಬಸಣ್ಣ, ಮೊಮ್ಮಗನ ತೊಟ್ಟಿಲಕ್ಕ ಉಂಡಿ ಕಟ್ಟಬೇಕು ಅಂದಿದ್ನೆಪಾ! ಆ ಮೊಬೈಲು ಒಂದೀಟು ಅದೇ ಮಷಿನ್ನಿಗೆ ಹಾಕು, ಹೆಂಗ ಬೀಸ್ತೈತಿ ನೋಡೂಣು" ಎಂದಳು.

ಮುಂಗಾರು ಶುರುವಾಗುವ ಹೊತ್ತಿಗೆ ರೋಣದಲ್ಲಿ ಮಹಿಳೆಯರ ಹಾಕಿ ಪಂದ್ಯಾವಳಿ ನಡೆಯಿತು. ಕೊನೆಯ ಪಂದ್ಯ ನರಗುಂದಕ್ಕೂ ನಮ್ಮ ಗಜೇಂದ್ರಗಡಕ್ಕೂ. ಮಾಬುಸಾಬ ನಮ್ಮ ಓಣಿಯವರದ್ದೇ ಒಂದು ಲೀಗ್ ಮಾಡಿದ. ಸೋತವನು ಎಲ್ಲರಿಗೂ ಗಿರ್ಮಿಟ್ಟು ಮಿರ್ಚಿ ಕೊಡಿಸಬೇಕು. ಗೋಲ್‌ಕೀಪರ್ ಒಬ್ಬಳನ್ನೇ ಆರಿಸಬೇಕು, ಅವಳು ಬಿಟ್ಟ ಪ್ರತಿ ಗೋಲಿಗೂ ಪಾಯಿಂಟು ಕಡಿತ. ನಾನು ಬಹಳ ವಿಚಾರ ಮಾಡಿದೆ. ನಮ್ಮೂರ ಹುಡುಗಿಯರು ಚಿಗರಿಯ ಹಾಗೆ ಓಡುವವರು. ನರಗುಂದದ ತಂಡದಲ್ಲಿ ಇಬ್ಬರು ಟೀಚರ್, ಒಬ್ಬ ನರ್ಸಮ್ಮ, ಉಳಿದವರು ಈಗಷ್ಟೇ ಸ್ಟಿಕ್ ಹಿಡಿದ ಕೊಣ್ಣೂರು, ಚಿಕ್ಕನರಗುಂದದ ಹುಡುಗಿಯರು. ಚೆಂಡೆಲ್ಲ ಗಿರಿಜಾಳ ಮೇಲೆಯೇ ಬರುತ್ತದೆ. ಹೀಗೆಂದು ನಮ್ಮೂರಿನ ಕೀಪರನ್ನು ಆರಿಸಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ಗಿರಿಜಾಳಿಗೆ ಗೋಲು ಹೊಡೆಯಬೇಕಾದ ನಮ್ಮೂರ ಫಾರ್ವರ್ಡ್ ಹುಡುಗಿಯನ್ನು ಕ್ಯಾಪ್ಟನ್ ಮಾಡಿದೆ.

ತಂಗಿಯ ಆಟವನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ನೋಡುತ್ತ ನೋಡುತ್ತ ನನಗೆ ಭಯವಾಯಿತು. ಅವಳು ಅಷ್ಟು ಚೆನ್ನಾಗಿ ಆಡುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಕಾಲಿನಿಂದ ಒದ್ದು, ನೆಲಕ್ಕೆ ಬಿದ್ದು, ಎದ್ದು, ಹಸಿ ಮಣ್ಣಿನಲ್ಲಿ ಹೊರಳಿ ಎಲ್ಲವನ್ನೂ ತಡೆದಳು. ಬೇರೆ ಅಣ್ಣನಾಗಿದ್ದರೆ ಎದೆ ಉಬ್ಬಿಸುತ್ತಿದ್ದ. ನಾನು ಗಿರ್ಮಿಟ್ಟಿನ ಖರ್ಚು ನೆನೆಯುತ್ತಿದ್ದೆ. ಎರಡೂ ಕಡೆ ಗೋಲಿಲ್ಲ. ಆಟ ಇನ್ನೇನು ಮುಗಿಯಬೇಕು, ಆಗ ನಮ್ಮೂರಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಮೊದಲ ಹೊಡೆತವನ್ನು ಗಿರಿಜಾ ಒದ್ದು ಹೊರಹಾಕಿದಳು. ಅದು ಹೋಗಿ ನನ್ನ ಕ್ಯಾಪ್ಟನ್ ಹುಡುಗಿಯ ಕಾಲ ಬಳಿ ಬಿತ್ತು. ನನ್ನೊಳಗಿನ ಗಿರಣಿ ಚಾಲೂ ಆಯಿತು.

"ಹೊಡೀ ನಮ್ಮವ್ವಾ, ಹೊಡೀ!"

ಹೊಡೆದಳು. ಚೆಂಡು ಒಳಗೆ ಹೋಯಿತು. ನಾನು ಎರಡೂ ಕೈ ಎತ್ತಿ, "ಡಬಲ್ ಪಾಯಿಂಟ್!" ಎಂದು ಕುಣಿದೆ. ಕೈ ಇಳಿಸಿದಾಗ ಹೆಲ್ಮೆಟ್ಟಿನ ಜಾಲರಿಯೊಳಗಿಂದ ನನ್ನ ತಂಗಿ ನನ್ನನ್ನೇ ನೋಡುತ್ತಿದ್ದಳು.

ಮರುದಿನ ಪತ್ರಿಕೆಯಲ್ಲಿ ಸುದ್ದಿ ಬಂತು. ಗಣ್ಯರ ಹೆಸರೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಒಂದು ಸಾಲು: ನರಗುಂದದ ಗೋಲ್‌ಕೀಪರ್ ಗಿರಿಜಾ ಅವರ ಗಮನ ಬೇರೆಡೆ ಹರಿದಿದ್ದರಿಂದ ಗಜೇಂದ್ರಗಡ ಗೆದ್ದಿತು. ಇಷ್ಟು ವರ್ಷ ಆಡಿದವಳ ಹೆಸರು ಮೊದಲ ಸಲ ಅಚ್ಚಾಗಿದ್ದು ಹೀಗೆ. ಅದನ್ನು ಮಾತ್ರ ನಾನು ಗಿರಣಿಯಲ್ಲಿ ಯಾರಿಗೂ ಓದಿ ತೋರಿಸಲಿಲ್ಲ. ನರಗುಂದದಲ್ಲಿ ಆ ಒಂದು ಸಾಲಿನ ಸುದ್ದಿಗೆ ಕೈಕಾಲು ಮೂಡಿದವು. ಟೀಚರ್ ತವರುಮನೆಯವರಿಗೆ ಬೇಕಂತಲೇ ಗೋಲು ಬಿಟ್ಟುಕೊಟ್ಟಳು ಎಂದು ಮಾತಾಯಿತು. ಅವಳದೇ ತಂಡದ ಹುಡುಗಿಯರು ಅವಳೊಡನೆ ಮೊದಲಿನಂತೆ ನಗುವುದಿಲ್ಲವಂತೆ. ಮುಂದಿನ ಪಂದ್ಯಾವಳಿಗೆ ಬೇರೆ ಕೀಪರನ್ನು ನಿಲ್ಲಿಸೋಣ ಎಂದು ಯಾರೋ ಅಂದರಂತೆ. ಇದನ್ನೆಲ್ಲ ನನಗೆ ಹೇಳಿದವಳು ನನ್ನ ಹೆಂಡತಿ. ನಾನು ಮೊಬೈಲಿನಲ್ಲಿ ಕಟ್ಟಿದ ತಂಡದ ಸಂಗತಿಯನ್ನು ಗಿರಿಜಾಳಿಗೆ ಹೇಳಿದವಳೂ ಅವಳೇ.

ನಾನು ಫೋನ್ ಮಾಡಿದೆ. ಗಿರಿಜಾ ಎತ್ತಿದಳು. "ಆತು ಬಿಡವಾ, ಆಟ ಅಂದಮ್ಯಾಲ ಸೋಲು ಗೆಲವು ಇರೂದ" ಎಂದು ಮೆಲ್ಲಗೆ ಹೇಳಿದೆ. ಅವಳು ಫೋನ್ ಇಟ್ಟುಬಿಟ್ಟಳು. ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಡತಿ, "ಒದರೂ ಮುಂದ ರೋಣಕ್ಕೆಲ್ಲ ಕೇಳೂ ಹಂಗ ಒದರೀರಿ. ತಪ್ಪಾತು ಅನ್ನೂ ಮುಂದ ಫೋನಿಗೂ ಕೇಳಸೂದಿಲ್ಲ ನಿಮ್ಮ ದನಿ" ಎಂದು ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಆ ರೊಟ್ಟಿಯ ಜಾಗದಲ್ಲಿ ನಾನೇ ಇದ್ದ ಹಾಗೆ ಅನಿಸಿತು.

ಬರಬೇಡ ಎಂದಿದ್ದರೂ ನಿನ್ನೆ ಗಿರಣಿ ಬಂದ್ ಮಾಡಿ ಹೊರಟೆ. ಹೆಂಡತಿ ಶೇಂಗಾ ಉಂಡಿಯ ಡಬ್ಬಿ ಕೊಟ್ಟಳು. ಸಂಜೆ ನರಗುಂದದ ಸಾಲಿಯ ಮೈದಾನ ಮುಟ್ಟಿದಾಗ ತಂಡದವರು ಅಭ್ಯಾಸ ಮಾಡುತ್ತಿದ್ದರು. ನನ್ನನ್ನು ಕಂಡ ಕೊಣ್ಣೂರಿನ ಹುಡುಗಿಯೊಬ್ಬಳು, "ಟೀಚರ್, ಡಬಲ್ ಪಾಯಿಂಟ್ ಬಂದಾರ ನೋಡ್ರಿ" ಎಂದಳು. ನರಗುಂದದಲ್ಲಿ ನನಗೆ ಹೊಸ ಹೆಸರಿಟ್ಟಿರುವುದು ಆಗ ತಿಳಿಯಿತು.

ಗಿರಿಜಾ ಬಂದಳು. ಡಬ್ಬಿ ತೆಗೆದುಕೊಳ್ಳಲಿಲ್ಲ. ತನ್ನ ಕಾಲಿನ ಪ್ಯಾಡು ಬಿಚ್ಚಿ ನನ್ನ ಮುಂದೆ ಇಟ್ಟಳು.

"ಕಟ್ಟಕೋ."

"ಏನವಾ, ನಾನೇನ್..."

"ಹಾಕಿ ಬಗ್ಗೆ ಭಾಳ ತಿಳದಾಂವ ಅಲ್ಲ ನೀ? ಕಟ್ಟಕೋ ಅಣ್ಣ."

ಕಟ್ಟಿಕೊಂಡೆ. ಹೆಲ್ಮೆಟ್, ಕೈಗವಸು ಹಾಕಿಕೊಂಡೆ. ಟಿವಿಯಲ್ಲಿ ನೋಡುವಾಗ ಗೋಲು ಕಿಟಕಿಯಷ್ಟು ಕಾಣುತ್ತದೆ. ಒಳಗೆ ನಿಂತ ಮೇಲೆ ಅದು ಎಪಿಎಂಸಿ ಗೋದಾಮಿನ ಬಾಗಿಲು. ಮೊದಲ ಚೆಂಡು ಪ್ಯಾಡಿಗೆ ಬಡಿದಾಗ ಹಲ್ಲು ಅದುರಿದವು. ಎರಡನೆಯದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಆಮೇಲೆ ಹೇಗೋ ಕಣ್ಣು ಅಗಲಿಸಿ, ಬಾಗಿ ನಿಂತು, ಕೊಣ್ಣೂರಿನ ಹುಡುಗಿ ಸ್ಟಿಕ್ ಎತ್ತಿದ್ದನ್ನೇ ನೋಡುತ್ತಿದ್ದೆ. ಆಗ ಪಕ್ಕದಿಂದ ಗಿರಿಜಾ ಜೋರಾಗಿ ಕೂಗಿದಳು.

"ಅಣ್ಣಾ!"

ತಿರುಗಿದೆ. ಬೆನ್ನ ಹಿಂದೆ ಗೋಲಿನ ಹಲಗೆ ಧಡ್ ಎಂದಿತು.

ಗಿರಿಜಾ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದಳು. "ಹಿಂಗ ಆತು ನೋಡು ಆವತ್ತ. ನಿನ್ನ ದನಿ ಕೇಳ್ತು. ಎಡಕ್ಕೋ ಬಲಕ್ಕೋ ನನಗ ಹೇಳಾಕತ್ತಾನ ಅಂತ ಹೊಳ್ಳಿ ನೋಡಿದೆ."

ಹೆಲ್ಮೆಟ್ಟಿನೊಳಗೆ ಕಣ್ಣು ಒರೆಸಿಕೊಳ್ಳಲು ಬರುವುದಿಲ್ಲ, ಕೈಗವಸು ಅಡ್ಡ. ಗೋಲ್‌ಕೀಪರ್ ಬಗ್ಗೆ ಇಷ್ಟು ವರ್ಷ ಮಾತಾಡಿದವನಿಗೆ ಈ ಒಂದು ಸಂಗತಿ ಗೊತ್ತಿರಲಿಲ್ಲ. ಒಳಗಿನಿಂದಲೇ ಏನೋ ಗೊಣಗಿದೆ.

"ಕೇಳ್ಸಲಿಲ್ಲ" ಎಂದಳು.

ಹೆಲ್ಮೆಟ್ ತೆಗೆದು, "ತಪ್ಪಾತು" ಎಂದೆ.

"ನನಗ ಕೇಳಿದ್ರ ಏನ್ ಬಂತು? ಅವರಿಗೆ ಕೇಳ್ಬೇಕು. ಗಿರಣಿ ದನೀಲೆ ಹೇಳು."

ಹುಡುಗಿಯರು ಸ್ಟಿಕ್ ಊರಿಕೊಂಡು ನಿಂತಿದ್ದರು. ಇಬ್ಬರು ಟೀಚರ್ ಪೈಕಿ ಇನ್ನೊಬ್ಬರು, ನರ್ಸಮ್ಮ, ಗೋಡೆಯಾಚೆ ಬಸ್ಸಿಗೆ ಕಾಯುತ್ತಿದ್ದವರೂ ಈ ಕಡೆ ನೋಡುತ್ತಿದ್ದರು. ಪ್ಯಾಡು ಕಟ್ಟಿದ ಕಾಲು ಅಗಲಿಸಿ ನಿಂತು, ಎರಡೂ ಮಷಿನ್ ಒಟ್ಟಿಗೆ ಓಡುವಾಗ ಗಿರಾಕಿಯನ್ನು ಕರೆಯುವ ದನಿಯನ್ನು ಹೊಟ್ಟೆಯೊಳಗಿನಿಂದ ಎಳೆದು ಒದರಿದೆ.

"ಕೇಳ್ರಿ ಎಲ್ಲಾರೂ! ಆ ಗೋಲು ನನ್ನ ತಂಗಿ ಬಿಟ್ಟಿಲ್ಲ, ನಾ ಬಿಡಿಸೀನಿ! ನಾ ಆಕಿ ಕಡೆ ಅದೀನಿ ಅಂತ ನಂಬಿ ಆಕಿ ಹೊಳ್ಳಿ ನೋಡಿದ್ಲು, ನಾ ಇರಲಿಲ್ಲ! ತಪ್ಪಾತವಾ ಗಿರಿಜಾ, ನಂದ ತಪ್ಪಾತು!"