ಉಡುತಡಿಯಿಂದ ಡೆನ್ಮಾರ್ಕಿಗೆ ಹೊರಡಿಸಿದ್ದು

ನಾನು ಶಿಕಾರಿಪುರದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ. ಯಾವ ಕೆಲಸ ವಹಿಸಿಕೊಂಡರೂ ಮೊದಲು ಪಟ್ಟಿ ಮಾಡುವವಳು. ಪಟ್ಟಿ ಇದ್ದರೆ ಎಡವಟ್ಟಾಗುವುದಿಲ್ಲ ಎಂದು ಇವತ್ತಿಗೂ ನಂಬಿದ್ದೇನೆ. ಆದರೂ ಆಗುವುದು ಆಗುತ್ತಲೇ ಇರುತ್ತದೆ, ಅದಕ್ಕೆ ನಾನೇನು ಮಾಡಲಿ.

ನಮ್ಮ ಶಾಲೆಗೂ ಡೆನ್ಮಾರ್ಕಿನ ಒಂದು ಶಾಲೆಗೂ ಒಪ್ಪಂದವಾಯಿತು. ನಮ್ಮ ಎಂಟು ಮಕ್ಕಳು ಮೂರು ವಾರ ಅಲ್ಲಿಯ ಮನೆಗಳಲ್ಲಿರಬೇಕು, ಆಮೇಲೆ ಅವರ ಎಂಟು ಮಕ್ಕಳು ಮೂರು ವಾರ ನಮ್ಮವರ ಮನೆಗಳಲ್ಲಿ. ಯಾರ ಮನೆಯಲ್ಲಿ ಅತಿಥಿಗೆ ಜಾಗವಿಲ್ಲವೋ ಆ ಮನೆಯ ಮಗುವಿಗೆ ವಿಮಾನವೂ ಇಲ್ಲ. ಎರಡೂ ಕಡೆಯವರನ್ನು ತಯಾರು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಏಳು ಮನೆಯವರು ಕೂಡಲೇ ಒಪ್ಪಿದರು. ಎಂಟನೆಯವಳು ಉಡುತಡಿಯ ಕುರಿ ಸಾಕುವವರ ಹುಡುಗಿ, ಎಲ್ಲರಿಗಿಂತ ಜಾಣೆ. ಅವಳನ್ನು ಕಳಿಸಲೇಬೇಕು ಎಂದು ನಾನು ಹಟ ಹಿಡಿದಿದ್ದೆ. ಆದರೆ ಆ ಮನೆಯಲ್ಲಿ ಅಜ್ಜಿಯದೇ ಕೊನೆಯ ಮಾತು.

ಒಂದೇ ಸಲ ಕೇಳುವವರು

ನಮ್ಮಲ್ಲಿ ಊಟಕ್ಕೆ ಕೂತವರು ಮೂರು ಸಲ ಬೇಡ ಅನ್ನಬೇಕು, ಬಡಿಸುವವರು ನಾಲ್ಕನೇ ಸಲವೂ ಹಾಕಬೇಕು. ಡೆನ್ಮಾರ್ಕಿನಲ್ಲಿ ಒಂದೇ ಸಲ ಕೇಳುತ್ತಾರೆ. ಬೇಡ ಅಂದರೆ ಪಾತ್ರೆ ಒಳಗೆ ಹೋಗುತ್ತದೆ. ಮಕ್ಕಳು ಹಸಿದುಕೊಂಡು ಮಲಗಬಾರದಲ್ಲ, ಅದಕ್ಕೆ ಮನೆಯಿಂದ ಚಿತ್ರಾನ್ನ ತಂದು ತಾಲೀಮು ಶುರುಮಾಡಿದೆ.

"ಇನ್ನು ಸ್ವಲ್ಪ ಹಾಕಲಾ?"

"ಬೇಡ ಮೇಡಂ," ಎಂದ, ಸೊರಬದ ಕಡೆಯ ಹೊಸಬಾಳೆಯ ಹುಡುಗ. ತಟ್ಟೆ ಮಾತ್ರ ಮುಂದಕ್ಕೇ ಇತ್ತು.

ನಾನು ಡಬ್ಬಿ ಮುಚ್ಚಿ ಚೀಲಕ್ಕೆ ಹಾಕಿಕೊಂಡೆ. ಅವನ ಮುಖ ಸಣ್ಣಗಾಯಿತು. ಆಮೇಲೆ ಒಂದೇ ವಾರದಲ್ಲಿ ಎಲ್ಲರೂ ಮೊದಲನೇ ಸಲಕ್ಕೇ "ಹೂಂ, ಹಾಕಿ" ಅನ್ನುವುದನ್ನು ಕಲಿತರು.

ಸ್ವಲ್ಪ ದಿನಕ್ಕೆ ಆ ಹುಡುಗನ ತಾಯಿಯ ಫೋನು. "ಏನು ಕಲಿಸಿದ್ರಿ ಮಾರಾಯ್ರೆ ನಮ್ಮ ಹುಡುಗನಿಗೆ? ಅವರಣ್ಣಂಗೆ ಹೆಣ್ಣು ನೋಡೋಕೆ ಕುಬಟೂರಿಗೆ ಹೋಗಿದ್ವಿ. ಅವರು ಕೇಳಿದಾಗೆಲ್ಲ ಇವನು ಹೂಂ ಹಾಕಿ, ಹೂಂ ಹಾಕಿ ಅಂತ ಕೇಸರಿಬಾತಿನ ಪಾತ್ರೆನೇ ಖಾಲಿ ಮಾಡಿದ. ನನಗೆ ತಲೆ ಎತ್ತೋಕಾಗ್ಲಿಲ್ಲ."

"ಅಯ್ಯೋ. ಸಂಬಂಧ ತಪ್ಪಿಹೋಯಿತಾ?"

"ಇಲ್ಲ, ಕೂಡಿ ಬಂತು. ಬಿಗುಮಾನ ಇಲ್ಲದ ಜನ ಅಂತ ಅವರಿಗೆ ಖುಷಿಯಾಯ್ತಂತೆ. ಅದನ್ನ ಕೇಳಿ ಈಗ ನಮ್ಮ ಯಜಮಾನ್ರೂ ಮನೇಲಿ ಮೊದಲನೇ ಸಲಕ್ಕೇ ಹೂಂ ಅಂತಿದಾರೆ. ಮಾಡಿದ ಅನ್ನ ಸಾಲ್ತಾ ಇಲ್ಲ."

ಸಾಕುಪ್ರಾಣಿಗಳ ವಿವರ

ಡೆನ್ಮಾರ್ಕಿನ ಶಾಲೆ ಅತಿಥಿಗಳು ಉಳಿಯಲಿರುವ ಪ್ರತಿ ಮನೆಗೂ ಒಂದು ಫಾರಂ ಕಳಿಸಿತ್ತು. ಅದರಲ್ಲಿ ಒಂದು ಪ್ರಶ್ನೆ: ಮನೆಯಲ್ಲಿ ಸಾಕುಪ್ರಾಣಿಗಳಿವೆಯೇ, ಎಷ್ಟು? ಬೇರೆಯವರು ನಾಯಿ ಒಂದು, ಬೆಕ್ಕು ಎರಡು ಎಂದೆಲ್ಲ ಬರೆದರು. ಉಡುತಡಿಯ ಹುಡುಗಿ ಸುಳ್ಳು ಬರೆಯುವವಳಲ್ಲ. "ಕುರಿ, ನೂರ ನಲವತ್ತು" ಎಂದು ತುಂಬಿದಳು.

ನಾಲ್ಕು ದಿನಕ್ಕೆ ಅಲ್ಲಿಯ ಮೇಡಂ ವಿಡಿಯೋ ಕರೆ ಮಾಡಿದರು. ಉಡುತಡಿಯ ಮನೆಯಲ್ಲಿ, ಅತಿಥಿಗಾಗಿ ಸುಣ್ಣ ಬಳಿದ ಕೋಣೆಯಲ್ಲಿ ಅಜ್ಜಿ, ಅಪ್ಪ, ಹುಡುಗಿ ನನ್ನ ಪಕ್ಕ ಸಾಲಾಗಿ ಕೂತಿದ್ದರು. ಈ ಮನೆ ಪಾಸಾಗದಿದ್ದರೆ ಹುಡುಗಿ ಹೋಗುವಂತಿಲ್ಲ. ಅಲ್ಲಿಯ ಮೇಡಂ ಬಹಳ ಮರ್ಯಾದೆಯಿಂದ, ಕುರಿಗಳ ಸಂಖ್ಯೆ ಬರೆಯುವಾಗ ಏನಾದರೂ ತಪ್ಪಾಗಿದೆಯೇ ಎಂದು ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ.

ಅಪ್ಪ ಗಂಭೀರವಾಗಿ ಎದ್ದು ನಿಂತರು. "ತಪ್ಪಾಗಿದೆ ಅಂತ ಹೇಳ್ರಿ ಮೇಡಂನೋರೆ. ಮೊನ್ನೆ ಆರು ಮರಿ ಹಾಕ್ಯಾವೆ, ಅದನ್ನ ಸೇರಿಸಿಲ್ಲ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಆಕೆ ನಕ್ಕರು. ಬರಲಿರುವ ಹುಡುಗಿಗೆ ಈ ಮನೆಯೇ ಬೇಕಂತೆ ಎಂದರು. ಮನೆ ಪಾಸಾಯಿತು, ಕುರಿಗಳ ಸಮೇತ.

ಶುಕ್ರವಾರ

ಎಲ್ಲಾ ಮುಗಿಯಿತು ಎನ್ನುವಾಗ ಅಜ್ಜಿ ಕೇಳಿದರು, "ಯಾವ ವಾರ ಹೊರಡೋದು?"

"ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ, ಶಾಲೆ ಹತ್ತಿರದಿಂದ ವ್ಯಾನು."

"ಶುಕ್ರವಾರ ಹೆಣ್ಣುಮಗಳನ್ನ ಮನೆಯಿಂದ ಕಳಿಸಲ್ಲ," ಎಂದರು ಅಜ್ಜಿ. ಮಾತು ಮುಗಿಯಿತು ಎನ್ನುವಂತೆ ಎಲೆಅಡಿಕೆ ಸಂಚಿ ಬಿಚ್ಚಿದರು. ಹುಡುಗಿ ಎದ್ದು ಹೋಗಿ ಬಾಗಿಲ ಹಿಂದೆ ಸದ್ದಿಲ್ಲದೆ ಅಳತೊಡಗಿದಳು. ನನಗೆ ಸಂಕಟವಾಯಿತು. ಟಿಕೆಟ್ ಬದಲಾಗುವಂತಿರಲಿಲ್ಲ.

ಆದರೆ ನಾನೂ ಇದೇ ಸೀಮೆಯವಳು. "ಪ್ರಸ್ಥಾನ ಇಡೋಣ ಅಜ್ಜಿ," ಎಂದೆ. ಹೊರಡುವ ದಿನ ಚೆನ್ನಾಗಿಲ್ಲದಿದ್ದರೆ, ಒಳ್ಳೆಯ ದಿನ ನೋಡಿ ಸಾಮಾನನ್ನು ಮೊದಲೇ ಬೇರೆ ಮನೆಗೆ ಸಾಗಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಸಾಮಾನು ಹೊಸಿಲು ದಾಟಿದರೆ ಪ್ರಯಾಣ ಅವತ್ತೇ ಶುರುವಾದ ಲೆಕ್ಕ. "ಗುರುವಾರ ಬ್ಯಾಗು ನಮ್ಮನೆಗೆ ಕಳಿಸಿ, ಶುಕ್ರವಾರದ ದೋಷ ಇಲ್ಲ." ಅಜ್ಜಿ ಯೋಚಿಸಿ ತಲೆಯಾಡಿಸಿದರು. ನಾನು ಪಟ್ಟಿಯಲ್ಲಿ ಟಿಕ್ ಹಾಕಿದೆ.

ಗುರುವಾರ ಬ್ಯಾಗು ಬಂತು. ಸುದ್ದಿ ಹರಡಿ, ಸಂಜೆಯೊಳಗೆ ಉಳಿದ ಏಳು ಮನೆಯ ಬ್ಯಾಗುಗಳೂ ಬಂದವು. ನಮ್ಮ ಯಜಮಾನರು ಒಂದು ಸೂಟ್‌ಕೇಸಿನ ಮೇಲೆ ಕೂತು ಊಟ ಮಾಡಿದರು.

ಶುಕ್ರವಾರ ವ್ಯಾನಿನ ಹತ್ತಿರ ಪಟ್ಟಿ ಹಿಡಿದು ಒಬ್ಬೊಬ್ಬರ ಪಾಸ್‌ಪೋರ್ಟ್ ನೋಡಿದೆ. ಏಳು ಸಿಕ್ಕವು. ಉಡುತಡಿಯ ಹುಡುಗಿಯದು ಬ್ಯಾಗಿನಲ್ಲಿ ಇಲ್ಲ. ಬಟ್ಟೆಯನ್ನೆಲ್ಲ ರಸ್ತೆಬದಿ ಕಟ್ಟೆಯ ಮೇಲೆ ಹರಡಿದರೂ ಇಲ್ಲ. ಅಪ್ಪ, "ನಾನೇ ಇಟ್ಟಿದ್ನಲ್ರಿ," ಎನ್ನುತ್ತ ಬೆವರಿದರು. ಡ್ರೈವರ್ ಹಾರನ್ ಹೊಡೆದ. ನನ್ನ ಧೈರ್ಯವೆಲ್ಲ ಇಳಿದುಹೋಗಿತ್ತು.

ಅಷ್ಟರಲ್ಲಿ ಆಟೋದಿಂದ ಅಜ್ಜಿ ಇಳಿದರು. ನಿಧಾನಕ್ಕೆ ಬಂದು ಸಂಚಿ ಬಿಚ್ಚಿದರು. ಮೊದಲು ಎರಡು ಅಡಿಕೆ ಬಂದವು, ಆಮೇಲೆ ಸುಣ್ಣದ ಡಬ್ಬಿ, ಆಮೇಲೆ ಪಾಸ್‌ಪೋರ್ಟು.

"ಅಜ್ಜಿ, ಇದನ್ನ ಯಾಕೆ ತೆಗೆದ್ರಿ?"

"ಸಾಮಾನು ಹೋದ್ರೆ ಮನುಷ್ಯರೇ ಹೋದಂಗೆ ಅಂತ ನೀವೇ ಅಂದ್ರಲ್ಲ. ಅದ್ರಾಗೆ ನಮ್ಮ ಕೂಸಿನ ಫೋಟೋ ಇತ್ತು. ಒಂದು ದಿನ ಮುಂಚೆ ನಾನ್ಯಾಕೆ ಕಳಿಸ್ಲಿ?"

ಬೈಯಲು ಬಾಯಿ ತೆರೆದವಳು ಪಾಸ್‌ಪೋರ್ಟ್ ತೆಗೆದುಕೊಂಡು ಪಟ್ಟಿಯಲ್ಲಿ ಎಂಟನೆಯ ಟಿಕ್ ಹಾಕಿದೆ. ಹುಡುಗಿ ಹೋದಳು, ಮೂರು ವಾರ ಇದ್ದು ಖುಷಿಯಾಗಿ ಬಂದಳು.

ಆಮೇಲೆ ಡೆನ್ಮಾರ್ಕಿನ ಮಕ್ಕಳು ಬಂದರು. ಅಜ್ಜಿಯ ಮನೆಗೆ ಬಂದ ಹುಡುಗಿ ಕಡ್ಡಿಯ ಹಾಗಿದ್ದಳು. ಅವಳು ಬೇಡ ಎಂದಷ್ಟೂ ಅಜ್ಜಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿದರು. ಮೂರು ವಾರ ಕಳೆದು ಅವಳು ಹೊರಡುವ ದಿನ ನೋಡಿದರೆ ಅದೂ ಶುಕ್ರವಾರ. ಗುರುವಾರ ನಾನು ಕೇಳುವ ಮೊದಲೇ ಬ್ಯಾಗು ನಮ್ಮನೆಗೆ ಬಂತು.

ಶುಕ್ರವಾರ ವ್ಯಾನಿನ ಹತ್ತಿರ ಈ ಸಲ ನಾನು ಬ್ಯಾಗನ್ನು ತೆರೆಯಲೇ ಇಲ್ಲ. ನೇರವಾಗಿ ಅಜ್ಜಿಯ ಮುಂದೆ ಹೋಗಿ ಕೈ ಚಾಚಿದೆ. ಅಜ್ಜಿ ಕಣ್ಣೊರೆಸಿಕೊಂಡು ಸಂಚಿ ಬಿಚ್ಚಿ, ಅಡಿಕೆ ಸರಿಸಿ, ಪಾಸ್‌ಪೋರ್ಟ್ ತೆಗೆದು ನನ್ನ ಕೈಗಿಟ್ಟರು. ನಾನು ತೆರೆದ ಫೋಟೋ ಹಾಳೆಯನ್ನೂ ಆ ಹುಡುಗಿಯ ಮುಖವನ್ನೂ ಒಂದು ಸಲ ನೋಡಿ ಪಿಸುಮಾತಿನಲ್ಲಿ ಕೇಳಿದರು:

"ಇದ್ರಾಗೆ ಹಿಂಗೆ ಸೊರಗಿದಾಳೆ, ಈಗ ಹೆಂಗಾಗಿದಾಳೆ ನೋಡ್ರಿ. ಅವರ ಊರಾಗೆ ಗುರುತು ಹಿಡಿದು ಒಳಗೆ ಬಿಡ್ತಾರಾ, ಇಲ್ಲಾ ವಾಪಸ್ ನಮ್ಮನೆಗೇ ಕಳಿಸ್ತಾರಾ?"