ಮೊದಲ ಸ್ಟೇಜಿನ ವಿದ್ವಾಂಸ

ಮಕ್ಕಳ ಎದುರು ಜಂಬ ಕೊಚ್ಚಿಕೊಳ್ಳಲು ಅಪ್ಪನಾದವನಿಗೆ ಒಂದಾದರೂ ವಿಷಯ ಬೇಕು. ನನಗಿದ್ದದ್ದು ಒಂದೇ. ಓದಿನಲ್ಲಿ ನಾನು ಸಾಧಾರಣ, ಆಫೀಸಿನಲ್ಲಿ ಅದಕ್ಕಿಂತ ಸಾಧಾರಣ, ಇಷ್ಟು ವರ್ಷ ಲೋಕಲ್ ಟ್ರೇನಿನಲ್ಲಿ ಓಡಾಡಿಯೂ ಕಿಟಕಿ ಪಕ್ಕದ ಸೀಟು ಹಿಡಿಯಲು ಬಾರದವನು. ಆದರೆ ಹುಡುಗನಾಗಿದ್ದಾಗ ಠಾಣೆಯಲ್ಲಿ, ದೀಪಾವಳಿ ರಜೆಗೆಂದು ಅಪ್ಪ ಬಾಡಿಗೆಗೆ ತಂದ ವಿಡಿಯೋ ಗೇಮಿನಲ್ಲಿ ಎಂಟೂ ಸ್ಟೇಜು ಮುಗಿಸಿದ್ದೆ ಎಂದು ಮಗಳು ಅನನ್ಯಾಳಿಗೆ ಅವಳು ತೊಟ್ಟಿಲಲ್ಲಿದ್ದಾಗಿನಿಂದ ಹೇಳುತ್ತಾ ಬಂದಿದ್ದೇನೆ. ಒಬ್ಬ ಸೈನಿಕ ಹೊಂಡ ಹಾರಿ, ಚೇಳುಗಳಿಂದ ತಪ್ಪಿಸಿಕೊಂಡು ಕೋಟೆ ಸೇರಬೇಕಾದ ಆಟ ಅದು. ಹೇಳಿ ಹೇಳಿ ಅದು ನನಗೇ ನಿಜವಾಗಿಬಿಟ್ಟಿತ್ತು. ಮಗಳು ನನ್ನನ್ನು ಗೌರವಿಸುವುದಾದರೆ ಈ ಒಂದೇ ಕಾರಣಕ್ಕೆ ಎಂಬುದೂ ನನಗೆ ಗೊತ್ತಿತ್ತು.

ಈ ಅನನ್ಯಾ ಇಲ್ಲೇ ನವಿ ಮುಂಬಯಿಯ ನೆರೂಳದ ಕಾಲೇಜಿನಲ್ಲಿ ಸಿನಿಮಾ, ಗೇಮುಗಳಿಗೆ ಸಂಗೀತ ಕೂಡಿಸುವುದನ್ನು ಕಲಿಯುತ್ತಾಳೆ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹೆಚ್ಚಾಗಿ ಹಿಂದಿಯಲ್ಲಿ. ಹೋದ ಭಾನುವಾರ ಮೊಬೈಲನ್ನು ನನ್ನ ಬಾಯಿಗೆ ಹಿಡಿದು, "ಪಪ್ಪಾ, ಪ್ರಾಜೆಕ್ಟ್ ಹೈ. ಆಪ್ ಕೇ ಗೇಮ್ ಕಾ ಮ್ಯೂಸಿಕ್ ಗಾಕೇ ಸುನಾವೋ" ಎಂದಳು. ಇಂಥ ದಿನಕ್ಕಾಗಿಯೇ ಕಾದಿದ್ದ ನಾನು ಕಣ್ಣು ಮುಚ್ಚಿ ಕೀಂ ಕೀಂ ಎಂದು ಗೇಮಿನ ಮೂರು ಸ್ಟೇಜಿನ ರಾಗ ಹಾಡಿದೆ. ಜೊತೆಗೆ ಉಪನ್ಯಾಸ ಬೇರೆ: ತಬಲವಿಲ್ಲ, ಪಿಟೀಲಿಲ್ಲ, ಭಜನೆಯ ಪಲ್ಲವಿಯ ಹಾಗೆ ಅದದೇ ಸಾಲು ತಿರುಗಿ ಬರುತ್ತದೆ, ಅದಕ್ಕೇ ಮನಸ್ಸಿನಲ್ಲಿ ನಿಲ್ಲುತ್ತದೆ ಎಂದೆಲ್ಲ. ಅವಳು ಲ್ಯಾಪ್‌ಟಾಪಿನಲ್ಲಿ ಆ ಗೇಮಿನ ಸಂಗೀತವನ್ನು ಒಂದೊಂದೇ ಸ್ಟೇಜಾಗಿ ಹಾಕಿ, ತಾನೊಬ್ಬಳೇ ಇಯರ್‌ಫೋನಿನಲ್ಲಿ ಕೇಳಿದಳು. ಆಮೇಲೆ ನನ್ನ ಮುಖ ನೋಡಿದಳು.

"ಪಪ್ಪಾ, ಮೊದಲಿನ ಎರಡೂ ಫಸ್ಟ್ ಸ್ಟೇಜ್ ಕಾ ಹೈ. ಮೂರನೇದು ಮರ್‌ನೇ ಕಾ ಮ್ಯೂಸಿಕ್."

ಅಂದರೆ ಸೈನಿಕ ಹೊಂಡಕ್ಕೆ ಬಿದ್ದು ಸತ್ತಾಗ ಬರುವ ರಾಗ. "ಜೋ ಸ್ಟೇಜ್ ಪಾರ್ ನಹೀ ಹೋತಾ, ಉಸೀ ಕಾ ಮ್ಯೂಸಿಕ್ ಯಾದ್ ರಹತಾ ಹೈ" ಎಂದು ತನ್ನ ಪ್ರಾಜೆಕ್ಟಿನ ಸಾರವನ್ನೂ ಅವಳು ಅಲ್ಲೇ ಘೋಷಿಸಿದಳು. ದಾಟಲಾಗದ ಸ್ಟೇಜಿನದ್ದೇ ನೆನಪಿರುವುದಂತೆ. ಮಾನ ಕಾಪಾಡುವವರು ಯಾರಾದರೂ ಇದ್ದಾರೆಯೇ ಎಂದು ನಾನು ಅಡುಗೆಮನೆಯ ಕಡೆ ನೋಡಿದೆ. ಹೆಂಡತಿ ಸುಮಿತ್ರಾ ತೆಂಗಿನಕಾಯಿ ತುರಿಯುತ್ತಿದ್ದಳು. ತಲೆ ಎತ್ತದೆಯೇ, "ಎರಡನೇದು ಹೀಗೆ ಮಾರಾಯ್ರೆ" ಎಂದು ಗುನುಗಿದಳು. ಆಮೇಲೆ ಮೂರನೇದು, ನಾಲ್ಕನೇದು. ಅವಳ ಬಾಯಲ್ಲಿ ಎಂಟನೇದು ಬಂದಾಗ ನಾನು ಕುರ್ಚಿ ಹಿಡಿದುಕೊಂಡೆ.

ಅದು ನನಗೆ ಗೊತ್ತಿದ್ದ ರಾಗ. ಇಪ್ಪತ್ತೆರಡು ವರ್ಷದ ಹಿಂದೆ ಹೆಣ್ಣು ನೋಡಲೆಂದು ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಬಡಾವಣೆಯ ಅವರ ಮನೆಗೆ ಹೋದಾಗ ಒಳಗಿಂದ ಹೆಣ್ಣುದನಿಯಲ್ಲಿ ಕೇಳಿಸಿದ್ದು ಅದೇ. "ಹುಡುಗಿಗೆ ಸಂಗೀತ ಬರ್ತದೆ ಮಗಾ" ಎಂದು ಅಮ್ಮ ಮೊಣಕೈಯಲ್ಲಿ ತಿವಿದಿದ್ದರು. ಯಾವುದೋ ದೇವರನಾಮ ಎಂದು ನಾನು ತಿಳಿದವನಂತೆ ತಲೆದೂಗಿ, ಕಾಫಿ ಬರುವ ಮೊದಲೇ ಮನಸ್ಸಿನಲ್ಲಿ ಒಪ್ಪಿಬಿಟ್ಟಿದ್ದೆ. ಈ ಕಥೆಯನ್ನು ಊರಿನ ಅಷ್ಟೂ ನೆಂಟರಿಗೆ ಹೇಳಿಯೂ ಇದ್ದೇನೆ.

"ದೇವರನಾಮವೂ ಇಲ್ಲ, ಎಂಥದ್ದೂ ಇಲ್ಲ. ಅಣ್ಣನ ಗೇಮು. ನಾನು ಎಂಟನೇ ಸ್ಟೇಜಿನಲ್ಲಿದ್ದೆ. ನೀವು ಬಂದ್ರಿ ಅಂತ ಅಮ್ಮ ಟಿವಿ ಬಂದ್ ಮಾಡಿದ್ರು, ರಾಗ ನನ್ನ ಬಾಯಲ್ಲಿ ಉಳೀತು" ಎಂದಳು ಸುಮಿತ್ರಾ.

"ಇಷ್ಟು ವರ್ಷ ಹೇಳಲಿಲ್ಲ ಯಾಕೆ?"

"ಎಂಟೂ ಮುಗಿಸಿದ್ದೇನೆ ಅಂತ ಮದುವೆಯಾದ ವಾರವೇ ಹೇಳಿದ್ರಲ್ಲ. ಒಂದು ದಿನವಾದ್ರೂ ಆ ರಾಗದ ಗುರುತು ಹಿಡೀತೀರೋ ಅಂತ ನೋಡ್ತಾ ಇದ್ದೆ."

ಅಂದರೆ ನನ್ನ ಬಂಡವಾಳ ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಮೊಬೈಲ್ ಇದನ್ನೆಲ್ಲ ರೆಕಾರ್ಡ್ ಮಾಡುತ್ತಲೇ ಇತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ಅಂದು ಸಂಜೆ ಮಗಳು ಲ್ಯಾಪ್‌ಟಾಪಿನಲ್ಲಿ ಆ ಹಳೆಯ ಗೇಮನ್ನೇ ಹಾಕಿಕೊಟ್ಟಳು. ನನಗೂ ಒಂದು ಅವಕಾಶ ಸಿಕ್ಕಿತು, ಮೊದಲ ಹೊಂಡದಲ್ಲೇ ಮುಗಿಯಿತು. ಸುಮಿತ್ರಾ ಸೆರಗಿಗೆ ಕೈ ಒರೆಸಿಕೊಂಡು ಕೂತವಳು, ನಾಲ್ಕೈದು ಸಲ ಸತ್ತು, ಎಂಟನೇ ಸ್ಟೇಜು ದಾಟಿ ಕೋಟೆ ಸೇರಿಯೇ ಎದ್ದಳು. ಆಗ ನಾವಿಬ್ಬರೂ ಎಂದೂ ಕೇಳದ, ಗೆದ್ದವರಿಗೆಂದೇ ಇಟ್ಟ ಒಂದು ರಾಗ ಬಂತು. ಹೇಗಿತ್ತು ಎಂದು ನನ್ನನ್ನು ಕೇಳಬೇಡಿ, ಒಂದೇ ಸಲ ಕೇಳಿದ್ದು, ಮರೆತುಹೋಯಿತು. ನಾನು ಸತ್ತಾಗಿನ ರಾಗ ಬೇಕಾದರೆ ಈಗಲೇ ಹಾಡಿ ತೋರಿಸುತ್ತೇನೆ.