ಗಣಿತಕ್ಕೆ ಮಂಗಳಾರತಿ

ಹಲಸೂರು ಕೆರೆಯ ನೀರನ್ನು ಚಮಚದಲ್ಲಿ ಅಳೆಯಬಹುದು. ಜೋಗುಪಾಳ್ಯದ ಮುರಳಿ ಓದಿದ ಪುಸ್ತಕಗಳನ್ನು ಎಣಿಸುವುದು ಅಸಾಧ್ಯ. ಮೀಸೆ ಮೊಳೆಯುವ ಮೊದಲೇ ಹನ್ನೊಂದು ಲಕ್ಷ ಮುಗಿಸಿದ್ದ! ಅಂಥ ಮಹಾಪಂಡಿತನಿಗೆ ಸರಸ್ವತಿ ಪೂಜೆಯ ದಿನವೇ ಒಂದು ಮಕ್ಕಳ ಪುಸ್ತಕದಿಂದ ಗ್ರಹಚಾರ ಕಾದಿತ್ತು.

ಕೆ.ಆರ್. ಪುರದಿಂದ ಮಗಳು ತೇಜಶ್ರೀಯೊಂದಿಗೆ ಬಂದ ತಂಗಿ ಬೃಂದಾ, ಕಾಫಿ ಲೋಟ ಕೆಳಗಿಡುವ ಮೊದಲೇ ಹಳೆಯ ಜಗಳ ಎತ್ತಿದಳು.

“ತೇಜು, ನನ್ನ ‘ತಂಗಿ ತಂದ ತಂಟೆ’ ಪುಸ್ತಕ ಕಳೆದಿದ್ದು ನಿನ್ನ ಮಾಮಾನೇ ಕಣೇ. ಅಣ್ಣ-ತಂಗಿ ಕಿತ್ತಾಟದ ಕತೆ, ನಕ್ಕೂ ನಕ್ಕೂ ಸಾಕಾಗ್ತಿತ್ತು. ಅಪ್ಪನ ಹತ್ರ ಒದೆ ತಿಂದಿದ್ದು ಮಾತ್ರ ನಾನು.”

“ಸುಳ್ಳು! ಕಳೆದೋಳು ನೀನೇ. ಸಂಜೆ ಪೂಜೆಯೊಳಗೆ ಹುಡುಕಿ ತರ್ತೀನಿ ನೋಡು!”

“ತಗೊಂಡ್ ಬಾ, ಕಾಲಿಗೇ ಬೀಳ್ತೀನಿ. ಇಲ್ದಿದ್ರೆ ಸುಳ್ಳ ಯಾರು ಅಂತ ತೇಜು ಮುಂದೆ ಒಪ್ಕೋಬೇಕು.”

ಹತ್ತು ವರ್ಷದ ತೇಜು ಪಾಲಿಗೆ ಮಾಮ ಸುಳ್ಳೇ ಆಡದ ಹೀರೋ. ಆ ಪಟ್ಟ ಉಳಿಯಬೇಕು! ಮುರಳಿ ಪಕ್ಕದ ಮನೆಯ ಕೆಂಪರಾಜನ ಸ್ಕೂಟರ್ ಹತ್ತಿ ಶಿವಾಜಿನಗರದ ರದ್ದಿ ಅಂಗಡಿಗಳತ್ತ ಹಾರಿದ. ಸಿಗ್ನಲ್ಲಿಗೊಮ್ಮೆ ಕೆಂಪರಾಜ್, “ಇವ್ರ ತಂಗಿ ಪುಸ್ತಕ ಕಳೆದೋಗಿದೆ, ನೋಡಿದ್ರಾ ಸಾರ್?” ಎಂದು ಕೂಗಿ ಕೂಗಿ ಅರ್ಧ ಕಂಟೋನ್ಮೆಂಟಿಗೆ ಡಂಗುರ ಹೊಡೆದ.

ಒಂಬತ್ತನೇ ಅಂಗಡಿಯಲ್ಲಿ ನಂದಿಬೆಟ್ಟದಷ್ಟು ಎತ್ತರದ ಪೇಪರ್ ರಾಶಿ! ತಳದಲ್ಲಿ ಗುರುತಿನ ರಟ್ಟು ಕಂಡು ಮುರಳಿ ಎಳೆದ. ಬೆಟ್ಟವೇ ಮೈಮೇಲೆ ಬಂತು. ಹೊರಗೆ ಉಳಿದದ್ದು ಎರಡು ಚಪ್ಪಲಿ.

“ಗುರು, ಇದ್ದೀಯಾ?” ಕೆಂಪರಾಜ್ ಕೂಗಿದ.

ರಾಶಿಯೊಳಗಿಂದ ಒಂದು ಕೈ ಎದ್ದಿತು. ಕೈಯಲ್ಲಿ ‘ತಂಗಿ ತಂದ ತಂಟೆ’ಯ ಇನ್ನೊಂದು ಪ್ರತಿ!

ಮುರಳಿ ಮೊದಲ ಪುಟದಲ್ಲಿ ಸೊಟ್ಟಗೆ ‘ಬೃಂದಾ, ನಾಲ್ಕನೇ ಎ’ ಎಂದು ಗೀಚಿ, ಅದರ ಮೇಲಿಷ್ಟು ಟೀ ಚೆಲ್ಲಿ ಹಳತು ಮಾಡಿದ.

“ನೀನು ರದ್ದಿಗೆ ಹಾಕಿದ್ದು ರದ್ದೀಲೇ ಸಿಕ್ತು!” ಎಂದು ಸಂಜೆ ಮನೆಗೆ ಬಂದವನೇ ತಂಗಿಯ ಕೈಗಿಟ್ಟ.

ಹೆಸರು ನೋಡಿ ಬೃಂದಾಳ ಕಣ್ಣು ತುಂಬಿತು. “ತಪ್ಪಾಯ್ತು ಕಣೋ ಅಣ್ಣ,” ಎಂದು ನಿಜಕ್ಕೂ ಕಾಲಿಗೆ ಬಗ್ಗಿದಳು. ಅಷ್ಟರಲ್ಲಿ ತಾಯಿ ಮುನಿಲಕ್ಷ್ಮಮ್ಮ ಪೂಜೆಗಿಡುವ ಪುಸ್ತಕಗಳನ್ನು ತಂದರು. ಎಲ್ಲಕ್ಕಿಂತ ಮೇಲೆ, ಬ್ರೌನ್ ಪೇಪರ್ ಬೈಂಡ್ ಹಾಕಿದ ಒಂದು: ‘ಮುರಳಿ, ಆರನೇ ಬಿ, ಗಣಿತ.’ ಮಗ ಗಣಿತದಲ್ಲಿ ಫೇಲಾದಂದಿನಿಂದ ಅದಕ್ಕೆ ಪ್ರತಿವರ್ಷ ಮೊದಲ ಹೂವು.

“ಅಜ್ಜಿ, ಮಾಮನ ಗಣಿತ ನೋಡ್ಲಾ?”

“ಮುಟ್ಬೇಡ! ಸರಸ್ವತಿ ಸಿಟ್ಟಾಗ್ತಾಳೆ!” ಮುರಳಿ ಹಾರಿದ.

“ಪೂಜೆ ಇನ್ನೂ ಆಗಿಲ್ಲ, ಸುಮ್ನಿರೋ,” ಎಂದರು ಮುನಿಲಕ್ಷ್ಮಮ್ಮ.

ಜಗ್ಗಾಟದಲ್ಲಿ ಬ್ರೌನ್ ಪೇಪರ್ ಪರ್ರೆಂದು ಹರಿಯಿತು. ಒಳಗೆ ‘ತಂಗಿ ತಂದ ತಂಟೆ’! ಮೊದಲ ಪುಟದಲ್ಲಿ ‘ಬೃಂದಾ, ನಾಲ್ಕನೇ ಎ.’

“ಮೂವತ್ತು ವರ್ಷ ನಾನು ಮಂಗಳಾರತಿ ಎತ್ತಿದ್ದು ಇದಕ್ಕಾ?” ಮುನಿಲಕ್ಷ್ಮಮ್ಮ ಎತ್ತಿಕೊಂಡಿದ್ದ ಹೂವನ್ನು ಬುಟ್ಟಿಗೇ ವಾಪಸ್ ಹಾಕಿದರು.

ಬೃಂದಾ ಎರಡೂ ಪುಸ್ತಕ ಹಿಡಿದು ಶಿಕ್ಷೆ ವಿಧಿಸಿದಳು. “ನಡೆದಿದ್ದೆಲ್ಲ ಬರಿ. ನಿಜಾನೇ ಬರಿ. ತೇಜು, ಪಕ್ಕದಲ್ಲೇ ಕೂತ್ಕೊ.”

ಕೂತಿದ್ದಾಳೆ. ಇಲ್ಲಿಯವರೆಗೆ ಬರೆದಿದ್ದನ್ನೆಲ್ಲ ಓದಿದಳು.

“ಮಾಮ, ಹನ್ನೊಂದು ಲಕ್ಷನಾ? ಮತ್ತೆ ಮುರಳಿ, ಮುರಳಿ ಅಂತ ಬೇರೆ ಯಾರನ್ನೋ ಹೇಳೋ ಥರ ಬರೀತೀಯಲ್ಲ?”

ಸರಿ. ಆ ಮುರಳಿ ನಾನೇ. ಗಣಿತ ಓದುವ ನಾಟಕವಾಡಿಕೊಂಡು ಕತೆ ಓದಲು ಬೈಂಡ್ ಹಾಕಿದವನೂ ನಾನೇ. ಅಮ್ಮ ಅದನ್ನು ದೇವರ ಗೂಡಿಗೇರಿಸಿದ ಮೇಲೆ ಇಳಿಸುವ ಧೈರ್ಯ ಬರಲಿಲ್ಲ. ಹನ್ನೊಂದು ನನ್ನ ಗಣಿತದ ಅಂಕ. ಪೂರ್ತಿ ಓದಿದ ಪುಸ್ತಕ ಒಂದೇ. ಅದೂ ತಂಗಿಯದು.